ಸ್ಟೀಫನ್ ಕಿಂಗ್ ಅವರ ‘ಆನ್ ರೈಟಿಂಗ್’: ಅರ್ಧ ಬದುಕು, ಅರ್ಧ ಕಸುಬು

ಬರವಣಿಗೆ ಕಲಿಸುವ ಪುಸ್ತಕ ಎಂದು ದೆವ್ವ, ಭಯದ ಕಾದಂಬರಿಗಳ ಲೇಖಕ ಸ್ಟೀಫನ್ ಕಿಂಗ್ ಅವರ 2000ದ ಈ ‘ಆನ್ ರೈಟಿಂಗ್’ ಕೊಂಡವರಿಗೆ ಮೊದಲ ನೂರು ಪುಟದಲ್ಲಿ ಪಾಠ ಹುಡುಕಿದರೂ ಸಿಗುವುದಿಲ್ಲ. ಸಿಗುವುದು ಅಮೆರಿಕದ ಮೇಯ್ನ್ ರಾಜ್ಯದ ಒಬ್ಬ ಬಡ ಹುಡುಗ, ಅಂದರೆ ಕಿಂಗ್ ಅವರೇ. ಅವನಿಗೆ ಎರಡು ವರ್ಷವಿದ್ದಾಗ ಅಪ್ಪ ಮನೆ ಬಿಟ್ಟು ಹೋದ, ಅಮ್ಮ ಸಿಕ್ಕ ಕೆಲಸ ಮಾಡಿ ಇಬ್ಬರು ಮಕ್ಕಳನ್ನು ಸಾಕಿದಳು. ಮಗ ಬರೆದ ನಾಲ್ಕು ಮೊಲದ ಕಥೆಗೆ ತಲಾ ಕಾಲು ಡಾಲರ್ ಕೊಟ್ಟವಳೂ ಅವಳೇ. ಕಥೆ ಬೇಡವೆಂದು ಪತ್ರಿಕೆಗಳು ಕಳಿಸಿದ ವಿಷಾದಪತ್ರಗಳನ್ನು ಹುಡುಗ ಗೋಡೆಯ ಮೊಳೆಗೆ ಚುಚ್ಚಿಡುತ್ತಿದ್ದ. ಹದಿನಾಲ್ಕರ ಹೊತ್ತಿಗೆ ಆ ಮೊಳೆ ಭಾರ ತಾಳದೆ, ಅದಕ್ಕಿಂತ ದಪ್ಪನೆಯದೊಂದನ್ನು ಹೊಡೆಯಬೇಕಾಯಿತು.

ಈ ಭಾಗದ ಜೀವ ಇರುವುದು ‘ಕ್ಯಾರಿ’ ಕಾದಂಬರಿ ಹುಟ್ಟಿದ ಪುಟಗಳಲ್ಲಿ. ವರ್ಷಕ್ಕೆ 6,400 ಡಾಲರ್ ಸಂಬಳದ ಮೇಷ್ಟ್ರು, ಟ್ರೇಲರ್ ಮನೆ, ದುಡ್ಡಿಲ್ಲದೆ ತೆಗೆಸಿದ ಫೋನು. ಮೂರು ಪುಟ ಬರೆದು ಮುದುಡಿ ಬುಟ್ಟಿಗೆಸೆದದ್ದನ್ನು ಹೆಂಡತಿ ಟ್ಯಾಬಿತಾ ಎತ್ತಿ, ಸಿಗರೇಟಿನ ಬೂದಿ ಕೊಡವಿ, ಮುಂದೇನಾಯಿತೆಂದು ಕೇಳಿದಳು. 1974ರಲ್ಲಿ ಬಂದ ಆ ಕಾದಂಬರಿಗೆ ಮುಂಗಡ 2,500 ಡಾಲರ್. ಪೇಪರ್‌ಬ್ಯಾಕ್ ಹಕ್ಕು ಹೋದದ್ದು 4 ಲಕ್ಷಕ್ಕೆ, ಅದರಲ್ಲಿ ಅರ್ಧ ಕಿಂಗ್ ಅವರದ್ದು. ಸುದ್ದಿ ಕೇಳಿ ಹೆಂಡತಿಗೇನಾದರೂ ತರೋಣವೆಂದು ಹೊರಟರೆ ಅಂದು ಭಾನುವಾರ, ಔಷಧಿ ಅಂಗಡಿಯೊಂದೇ ತೆರೆದಿತ್ತು. ತಂದದ್ದು ಒಂದು ಹೇರ್ ಡ್ರೈಯರ್. ಕುಡಿತ, ಕೊಕೇನಿನ ವರ್ಷಗಳನ್ನೂ ಅವರು ಮುಚ್ಚಿಟ್ಟಿಲ್ಲ. ‘ಕೂಜೋ’ ಕಾದಂಬರಿ ಬರೆದದ್ದೇ ಸರಿಯಾಗಿ ನೆನಪಿಲ್ಲ ಎನ್ನುತ್ತಾರೆ.

ಕಸುಬಿನ ಭಾಗದಲ್ಲಿ ಎಲ್ಲಕ್ಕೂ ಅಳತೆ ಇದೆ. ಅವರ ದಿನದ ಕೂಲಿ 2,000 ಪದ. ಹೊಸಬರಿಗೆ 1,000, ವಾರಕ್ಕೊಂದು ರಜೆ. ಬಾಗಿಲು ಹಾಕಿಕೊಂಡು ಮೂರು ತಿಂಗಳೊಳಗೆ ಮೊದಲ ಕರಡು, ಆಮೇಲೆ ಕನಿಷ್ಠ ಆರು ವಾರ ಅದನ್ನು ಮುಟ್ಟುವಂತಿಲ್ಲ. ಎರಡನೇ ಕರಡು ಮೊದಲನೆಯದಕ್ಕಿಂತ ಶೇ 10ರಷ್ಟು ಸಣ್ಣದಾಗಬೇಕು. ಈ ಸೂತ್ರ ಮಾತ್ರ ಅವರದ್ದಲ್ಲ, 1966ರಲ್ಲಿ ಬಂದ ವಿಷಾದಪತ್ರವೊಂದರಲ್ಲಿ ಸಂಪಾದಕರು ಗೀಚಿದ್ದು.

ಕನ್ನಡದಲ್ಲಿ ಬರೆಯುವವರು ಇಲ್ಲಿ ಸ್ವಲ್ಪ ಎಚ್ಚರವಾಗಿರಬೇಕು. ಇಂಗ್ಲಿಷಿನ ನಾಲ್ಕು ಪದ ನಮ್ಮಲ್ಲಿ ‘ಮನೆಯೊಳಗಿನಿಂದ’ ಎಂಬ ಒಂದೇ ಪದ, ಹಾಗಾಗಿ ಪದ ಬಿಟ್ಟು ಪುಟ ಎಣಿಸುವುದು ಲೇಸು. ಕರ್ಮಣಿ ಪ್ರಯೋಗದ ಮೇಲಿನ ಅವರ ಸಿಟ್ಟು ನಮಗೆ ಸರಿಯಾಗಿ ತಾಗುತ್ತದೆ: ‘ಶವವನ್ನು ಪತ್ತೆ ಹಚ್ಚಲಾಯಿತು’ ಎಂದರೆ ಅದು ಠಾಣೆಯ ಪ್ರಕಟಣೆ, ‘ಹಾಲಿನವನು ಹೆಣ ನೋಡಿದ’ ಎಂದರೆ ಕಥೆ. ‘ಎಂದು ಕೋಪದಿಂದ ಗುಡುಗಿದನು’ ಎಂಬಲ್ಲಿ ‘ಎಂದ’ ಸಾಕು ಅನ್ನುವುದೂ ಒಪ್ಪುವ ಮಾತೇ. ಆದರೆ ಕ್ರಿಯಾವಿಶೇಷಣಗಳನ್ನೆಲ್ಲ ಕಿತ್ತೊಗೆಯಲು ಹೊರಟವರು ಕಿರ್ರನೆ, ಧಡಾರನೆ, ತಟಕ್ಕನೆಗಳನ್ನೂ ಕಿತ್ತರೆ ದೆವ್ವದ ಕಥೆಯಲ್ಲಿ ಸದ್ದೇ ಉಳಿಯುವುದಿಲ್ಲ.

ಪತ್ತೇದಾರಿ ಬರೆಯುವವರಿಗೆ ತೊಡಕಾಗುವುದು ಬೇರೆ ಕಡೆ. ಕಥೆ ನೆಲದಲ್ಲಿ ಹುದುಗಿದ ಪಳೆಯುಳಿಕೆ, ನಾಜೂಕಾಗಿ ಅಗೆದು ತೆಗೆಯಬೇಕು, ಮೊದಲೇ ಹಂದರ ಹಾಕಬಾರದು ಎನ್ನುತ್ತಾರೆ ಕಿಂಗ್. ‘ಮಿಸರಿ’ಯಂಥ ಕಥೆಗೆ, ಅಂದರೆ ಒಬ್ಬ ಲೇಖಕ, ಒಬ್ಬ ಹುಚ್ಚು ಅಭಿಮಾನಿ, ಒಂದು ಕೋಣೆ ಇದ್ದರೆ, ಅದು ನಡೆಯುತ್ತದೆ. ಕೊಲೆಗಾರ ಯಾರೆಂದು ಕೊನೆಯವರೆಗೆ ಬಚ್ಚಿಡಬೇಕಾದ ಕಥೆಗೆ ಈ ದಾರಿ ಹಿಡಿದರೆ, ಮೂರನೇ ಅಧ್ಯಾಯದಲ್ಲಿ ಇಡಬೇಕಿದ್ದ ಸುಳಿವು ಇಪ್ಪತ್ತನೆಯದರಲ್ಲಿ ನೆನಪಾಗುತ್ತದೆ. ಯೋಜನೆ ಹಾಕಿ ಬರೆದ ‘ದ ಡೆಡ್ ಝೋನ್’ ತಮಗೂ ಇಷ್ಟ ಎಂದು ಅವರೇ ಒಪ್ಪಿಕೊಂಡಿರುವುದನ್ನು ಗಮನಿಸಿ. ಏಜೆಂಟರನ್ನು ಹುಡುಕುವ, ಕಥೆ ಕಳಿಸುವ ಪುಟಗಳಂತೂ ಅಂಚೆ ಕಾಲದವು, ದಾಟಿಕೊಂಡು ಹೋಗಬಹುದು.

1999ರ ಜೂನ್ 19ರ ಅಪಘಾತದ ಅಧ್ಯಾಯ ಪುಸ್ತಕದ ಕೊನೆಗಿದೆ. ವಾಕಿಂಗ್ ಹೋಗಿದ್ದವರಿಗೆ ವ್ಯಾನ್ ಗುದ್ದಿ, ಕಾಲು ಒಂಬತ್ತು ಕಡೆ ಮುರಿಯಿತು. ಐದು ವಾರದ ನಂತರ ಮತ್ತೆ ಬರೆಯಲು ಕೂತಾಗ ಮುಂದಿದ್ದದ್ದು ಈ ಪುಸ್ತಕದ ಅರ್ಧ ಬರೆದ ಪ್ರತಿಯೇ. ಬದುಕಿನ ಕಥೆ ಹೀಗೆ ಅಲ್ಲಿಗೇ ನಿಲ್ಲುವುದರಿಂದ ಅಪರಾಧ ಕಾದಂಬರಿಕಾರನಾಗಿ ಅವರ ದೊಡ್ಡ ಗೆಲುವು, ಅಂದರೆ 2015ರಲ್ಲಿ ‘ಮಿಸ್ಟರ್ ಮರ್ಸಿಡಿಸ್’ಗೆ ಬಂದ, ಅಪರಾಧ ಸಾಹಿತ್ಯಕ್ಕೆ ಕೊಡುವ ಎಡ್ಗರ್ ಪ್ರಶಸ್ತಿ, ಇಲ್ಲಿ ಸಿಗದು.

ಆಡಿಯೋ ಬೇಕೆನ್ನುವವರಿಗೆ ಕಿಂಗ್ ಅವರೇ ಓದಿದ ಪ್ರತಿ ಇದೆ, ಬಾಲ್ಯದ ಭಾಗ ಅವರ ದನಿಯಲ್ಲಿ ಇನ್ನೂ ಸೊಗಸು. 2020ರ ಆವೃತ್ತಿಯಲ್ಲಿ ಮಕ್ಕಳಾದ ಜೋ ಹಿಲ್, ಓವನ್ ಕಿಂಗ್ ಅವರ ಬರಹಗಳೂ ಸೇರಿವೆ. ಆದರೂ ಕಾಗದದ ಪ್ರತಿಯನ್ನೇ ಕೊಳ್ಳಿ. ಕೊನೆಯಲ್ಲಿ ‘1408’ ಎಂಬ ಹೋಟೆಲ್ ಕಥೆಯ ಆರಂಭದ ಹಸಿ ಕರಡು, ಅದರ ಹಿಂದೆಯೇ ಕಿಂಗ್ ಕೈಯಾರೆ ಹೊಡೆದು ತಿದ್ದಿದ ಅದೇ ಪುಟಗಳು, ಮುಖ್ಯ ತಿದ್ದುಪಡಿಗಳಿಗೆ ಕಾರಣವೂ ಇದೆ. ಇದು ಕಣ್ಣಲ್ಲಿ ನೋಡಿಯೇ ಕಲಿಯಬೇಕಾದ್ದು. ಮ್ಯಾನೇಜರನ ಹೆಸರು ಆಸ್ಟರ್‌ಮೆಯರ್ ಇದ್ದದ್ದು ಓಲಿನ್ ಆಗಿದೆ: ಅಷ್ಟರಿಂದಲೇ ಹದಿನೈದು ಸಾಲು ಉಳಿಯಿತಂತೆ. ಜೊತೆಗೆ, ಆ ಕಥೆಯನ್ನು ಆಡಿಯೋಗೆ ಓದುವಾಗ ದಿನವಿಡೀ ಆ ಉದ್ದದ ಹೆಸರು ಹೇಳುತ್ತ ಕೂರುವ ಕಷ್ಟವೂ ತಪ್ಪಿತು!