ಕೂದಲುದಾನ ಸೇವೆ: ಶಾಲೆಗೆ ಹೋಗುವವರಿಗೆ ಎಷ್ಟು ಹೊಂದುತ್ತದೆ?

ಕ್ಯಾನ್ಸರ್ ರೋಗಿಗಳ ವಿಗ್‌ಗೆಂದು ಜಡೆ ಕತ್ತರಿಸಿಕೊಡುವ ಸಲೂನ್ ಸೇವೆ ನಿಜಕ್ಕೂ ಒಳ್ಳೆಯದು. ಕೊರತೆ ಒಂದೇ: ವಿದ್ಯಾರ್ಥಿ ಬಂದಾಗ ಶಾಲೆಯ ನಿಯಮವೇನೆಂದು ಅಲ್ಲಿ ಕೇಳುವವರು ಕಡಿಮೆ.

ಕೂದಲು ತೊಳೆದು, ಪೂರ್ತಿ ಒಣಗಿಸಿ, ಹೆಣೆದು, ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ, ಮೇಲಿನ ಬ್ಯಾಂಡ್‌ಗಿಂತ ಅರ್ಧ ಇಂಚು ಮೇಲೆ ಕತ್ತರಿಸಬೇಕು. ಒದ್ದೆ ಜಡೆ ಕವರ್‌ನಲ್ಲೇ ಬೂಷ್ಟು ಹಿಡಿಯುತ್ತದೆ. ನೆಲಕ್ಕೆ ಬಿದ್ದ ಬಿಡಿ ಕೂದಲಿನಲ್ಲಿ ಬುಡ, ತುದಿ ಕಲೆತು ಸಿಕ್ಕಾಗುತ್ತದೆ. ಅದು ವಿಗ್‌ಗೆ ಬಾರದು. ಬ್ಲೀಚ್ ಮಾಡಿದ್ದನ್ನು ಅನೇಕ ಸಂಸ್ಥೆಗಳು ಒಪ್ಪುವುದಿಲ್ಲ.

ಹಲವೆಡೆ 12 ಇಂಚು ಉದ್ದ ಕೇಳುತ್ತಾರೆ. ತಿಂಗಳಿಗೆ ಸುಮಾರು ಅರ್ಧ ಇಂಚಿನಂತೆ ಎರಡು ವರ್ಷ ಬೇಕು. ಅಷ್ಟು ಕಾಲ ಹುಡುಗನೊಬ್ಬ ಕಾಲರ್ ದಾಟಿದ ಕೂದಲಲ್ಲಿ ತರಗತಿಗೆ ಹೋಗಬೇಕು. ಇಂಥವನನ್ನು ಹೊರಗೆ ನಿಲ್ಲಿಸುವ ನಿಯಮ ಶಿಸ್ತಲ್ಲ, ಮೊಂಡುತನ. ಆದರೂ ಕೂದಲು ಬೆಳೆಸುವ ಮೊದಲೇ ಶಾಲೆಯ ಲಿಖಿತ ಅನುಮತಿ ಪಡೆಯಬೇಕು. ಅದರಲ್ಲಿ ಕತ್ತರಿಸುವ ಅಂದಾಜು ತಿಂಗಳು, ಅಲ್ಲಿಯವರೆಗೆ ಕಟ್ಟಿಕೊಳ್ಳುವ ಒಪ್ಪಿಗೆ ಇರಲಿ.

ಕೂದಲಲ್ಲ, ಹಣದ ದೇಣಿಗೆ ಸಂಗ್ರಹಿಸಲೆಂದು ತಲೆ ಬೋಳಿಸುವವರಿಗೆ ತೊಡಕು ತದ್ವಿರುದ್ಧ: ಟ್ರಿಮ್ಮರ್‌ನ 2ನೇ ನಂಬರ್, ಅಂದರೆ ಸುಮಾರು 6 ಮಿ.ಮೀ.ಗಿಂತ ಗಿಡ್ಡ ಕೂಡದೆನ್ನುವ ಶಾಲೆಗಳಿವೆ. ರಜೆಯ ಮೊದಲ ದಿನವೇ ಬೋಳಿಸಿದರೆ ಮೂರು ವಾರದಲ್ಲಿ ಅಷ್ಟು ಬೆಳೆದಿರುತ್ತದೆ.