ಚಿಟ್ಟುಗಿಳಿ ನೋಡಲು ತಗೊಂಡ 8×42 ಬೈನಾಕ್ಯುಲರ್

ಶಿರಸಿ ಹತ್ತಿರ ನಮ್ಮ ತೋಟದ ಅಂಚಿಗೆ ಒಂದು ಹಾಲವಾಣದ ಮರ ಇದೆ. ಫೆಬ್ರವರಿ ಬಂತು ಅಂದ್ರೆ ಎಲೆಯೆಲ್ಲ ಉದುರಿ ಬರೀ ಕೆಂಪು ಹೂ. ಅದರ ಮಕರಂದಕ್ಕೆ ಚಿಟ್ಟುಗಿಳಿ ಬರುತ್ತವೆ ಅಂತ ಗೊತ್ತಿತ್ತು, ತಲೆ ಮೇಲೆ ಚೀ-ಚೀ-ಚೀ ಅಂತ ಕೂಗುತ್ತಾ ಹಾರಿ ಹೋಗುವುದು ದಿನಾ ಕೇಳಿಸುತ್ತಿತ್ತು. ಕಣ್ಣಿಗೆ ಮಾತ್ರ ಸಿಗುತ್ತಿರಲಿಲ್ಲ. 14 ಸೆಂ.ಮೀ. ಹಕ್ಕಿ, ಗುಬ್ಬಿಯಷ್ಟೇ ಗಾತ್ರ, ಮೈಯೆಲ್ಲ ಎಲೆ ಹಸಿರು.

ಮೊದಲು ನನ್ನ ಹತ್ತಿರ ಇದ್ದದ್ದು 10×25. ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ ಕೊಂಡಿದ್ದು. ಬೆಳಗಿನ ಮಬ್ಬಿನಲ್ಲಿ ಎಲ್ಲ ಕಪ್ಪು ಕಪ್ಪು, ಕೈ ಸ್ವಲ್ಪ ಅಲುಗಿದರೂ ಹಕ್ಕಿ ಮಾಯ. ಲೆಕ್ಕ ಸುಲಭ: ಎರಡನೇ ಅಂಕಿ ಮುಂದಿನ ಗಾಜಿನ ಅಗಲ, ಮಿ.ಮೀ.ನಲ್ಲಿ; ಆ 25ನ್ನು 10ರಿಂದ ಭಾಗಿಸಿದರೆ 2.5, ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ ಅಷ್ಟೇ ಮಿ.ಮೀ. ಅಗಲ. 8×42ರಲ್ಲಿ ಅದು 5ಕ್ಕಿಂತ ಜಾಸ್ತಿ. ನಮ್ಮ ಕಡೆ ಕಾಡಿಗೆ ಬೇಕಾದ್ದು ಈ ಬೆಳಕು.

ಹೊಸದು ಬಂದ ಮೂರನೇ ದಿನ ಸಿಕ್ಕಿತು ನೋಡಿ. ಗಂಡು ಹಕ್ಕಿ, ಗಂಟಲಲ್ಲಿ ನೀಲಿ ಮಚ್ಚೆ, ಕೆಂಪು ಕೊಕ್ಕು, ಬಾಲದ ಬುಡದ ಮೇಲೂ ಕೆಂಪು. ತಲೆಕೆಳಗಾಗಿ ಜೋತುಬಿದ್ದು ಹೂವಿಗೆ ಮುಖ ಹಾಕಿ ಕುಡಿಯುತ್ತಿತ್ತು, ಕೆನ್ನೆಗೆ ಅಂಟಿದ ಪರಾಗದ ಪುಡಿ ಕೂಡ ಕಾಣಿಸಿತು. ಸಂಜೆ ಆರೂವರೆ ದಾಟಿದ ಮೇಲೂ ಬಿಡದೆ ನೋಡಿದೆ. ಪಕ್ಕದ ಮರದ ತೆಳು ರೆಂಬೆಯಲ್ಲಿ ಮೊದಲು ನೆಟ್ಟಗೆ ಕೂತಿತ್ತು, ಆಮೇಲೆ ಮೆಲ್ಲಗೆ ಕೆಳಕ್ಕೆ ವಾಲಿ ಬಾವಲಿ ಹಾಗೆ ನೇತಾಡಿ ಮಲಗಿಬಿಟ್ಟಿತು, ಬರಿಗಣ್ಣಿಗೆ ಅದು ಒಂದು ಎಲೆ ಅಷ್ಟೇ!

ಕೊರತೆಯೂ ಇದೆ. ಕುತ್ತಿಗೆ ಪಟ್ಟಿ ತೆಳು, ಅರ್ಧ ಗಂಟೆಗೆ ಕುತ್ತಿಗೆ ನೋಯುತ್ತೆ, ಅಗಲದ ಪಟ್ಟಿ ಬೇರೆ ತಂದು ಹಾಕಿದೆ. ನೀರು ಒಳಗೆ ಹೋಗಲ್ಲ, ಸರಿ, ಆದರೆ ನಮ್ಮ ಮಳೆಗಾಲದಲ್ಲಿ ಹಾಗೇ ಬ್ಯಾಗಲ್ಲಿ ಇಟ್ಟರೆ ಗಾಜಿಗೆ ಬೂಷ್ಟು ಬರುವುದು ಗ್ಯಾರಂಟಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

ಗೂಡು ಕಟ್ಟುವ ಕಾಲದಲ್ಲಿ ಹೆಣ್ಣು ಎಲೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಸೊಂಟದ ಗರಿಯೊಳಗೆ ಸಿಕ್ಕಿಸಿಕೊಂಡು ಪೊಟರೆಗೆ ಒಯ್ಯುತ್ತದೆ. ಮರದ ಬುಡಕ್ಕೆ ಹೋಗಿ ನಿಲ್ಲಬೇಡಿ, ದಯವಿಟ್ಟು. ನಾನು ನಮ್ಮ ಮನೆ ಜಗಲಿಯಿಂದಲೇ ನೋಡಿದೆ, ಆ ಹಸಿರು ಪಟ್ಟಿ ಗರಿಯ ಮಧ್ಯೆ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿತ್ತು.