ಪಾದ ವೈದ್ಯರಾಗಲು ಅರ್ಜಿ: ಅಮೆರಿಕದ ಎಎಸಿಪಿಎಂಎಎಸ್ ಸೇವೆ ಹೇಗಿದೆ?

ಅಮೆರಿಕದಲ್ಲಿ ಪೋಡಿಯಾಟ್ರಿಗೆ, ಅಂದರೆ ಪಾದ ಮತ್ತು ಕಣಕಾಲಿನ ವೈದ್ಯಕೀಯಕ್ಕೆ, ಅಲ್ಲಿನ ಸಾಮಾನ್ಯ ವೈದ್ಯ ಪದವಿಯಾದ ಎಂಡಿ ಅಲ್ಲದ ಬೇರೆಯೇ ಪದವಿಯಿದೆ: ಡಿಪಿಎಂ (ಡಾಕ್ಟರ್ ಆಫ್ ಪೋಡಿಯಾಟ್ರಿಕ್ ಮೆಡಿಸಿನ್). ನಾಲ್ಕು ವರ್ಷ ಓದು, ಆಮೇಲೆ ಮೂರು ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಇದನ್ನು ಕಲಿಸುವ ಕಾಲೇಜುಗಳು ಇಡೀ ದೇಶದಲ್ಲಿ 11. ಫಿಲಡೆಲ್ಫಿಯಾದ ಟೆಂಪಲ್, ಒಹಾಯೊದ ಕೆಂಟ್ ಸ್ಟೇಟ್, ಮಯಾಮಿಯ ಬ್ಯಾರಿ, ಚಿಕಾಗೊ ಬಳಿಯ ಶೋಲ್ ಇವೆಲ್ಲ ಆ ಪಟ್ಟಿಯಲ್ಲಿವೆ. ಒಂದೇ ಅರ್ಜಿಯನ್ನು ಬೇಕಾದಷ್ಟು ಕಾಲೇಜುಗಳಿಗೆ ಕಳಿಸಲು ಕಾಲೇಜುಗಳ ಒಕ್ಕೂಟ ನಡೆಸುವ ಆನ್‌ಲೈನ್ ಸೇವೆಯೇ ಎಎಸಿಪಿಎಂಎಎಸ್. ಮಗ ಅಥವಾ ಮಗಳು ಅಮೆರಿಕದಲ್ಲಿ ಪ್ರೀ-ಮೆಡ್ (ವೈದ್ಯಕೀಯಕ್ಕೆ ಮುಂಚಿನ ಪದವಿ ಓದು) ಓದುತ್ತಿರುವ ಕನ್ನಡದ ಮನೆಗಳಿಗೆ ಇದರ ಪರಿಚಯ ಕಡಿಮೆ, ಹಾಗಾಗಿ ವಿವರವಾಗಿಯೇ ಹೇಳಬೇಕು.

ಫಾರಂ ಸಲೀಸಾಗಿದೆ. ತಡವಾಗುವುದು ಬೇರೆಯವರು ಕಳಿಸಬೇಕಾದ ಕಾಗದಗಳಿಂದ: ರಿಜಿಸ್ಟ್ರಾರ್ ಕಚೇರಿಯ ಟ್ರಾನ್ಸ್‌ಕ್ರಿಪ್ಟ್, (ಕಾಲೇಜಿನ ಅಧಿಕೃತ ಅಂಕಪಟ್ಟಿ), ಪ್ರೊಫೆಸರುಗಳ ಶಿಫಾರಸು ಪತ್ರ, ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಅಂಕ. ಅರ್ಜಿ ಆಗಸ್ಟ್ ಆರಂಭದಲ್ಲಿ ತೆರೆದು ಮುಂದಿನ ವರ್ಷದ ಜೂನ್ 30ಕ್ಕೆ ಮುಚ್ಚುತ್ತದೆ. ಇಷ್ಟು ಉದ್ದದ ಅವಧಿ ನೋಡಿ ನಿಧಾನ ಮಾಡುವುದೇ ದೊಡ್ಡ ತಪ್ಪು. ಇಲ್ಲಿ ಸೀಟು ಕೊಡುವುದು ಅರ್ಜಿಗಳು ಬಂದ ಹಾಗೆ ಬಂದ ಹಾಗೆ. ಶರತ್ಕಾಲದಲ್ಲೇ ಸಂದರ್ಶನಗಳು ಶುರುವಾಗುತ್ತವೆ, ಏಪ್ರಿಲ್ ದಾಟಿ ಬಂದವರು ಉಳಿದ ಸೀಟಿಗೆ ಪೈಪೋಟಿ ಮಾಡಬೇಕು.

ಓದಿರಬೇಕಾದ ವಿಷಯಗಳು ಸಾಮಾನ್ಯವಾಗಿ ಹೀಗಿರುತ್ತವೆ: ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ ತಲಾ 8 ಸೆಮಿಸ್ಟರ್ ಗಂಟೆ (ಸೆಮಿಸ್ಟರ್ ಲೆಕ್ಕದ ಕ್ರೆಡಿಟ್), ಇಂಗ್ಲಿಷ್ 6. ಕಾಲೇಜಿನ ಎಲ್ಲ ಕೋರ್ಸ್ ಸೇರಿ ಒಟ್ಟು ಕನಿಷ್ಠ 90 ಗಂಟೆ. ವರ್ಷವನ್ನು ಸೆಮಿಸ್ಟರ್ ಬದಲು ಚಿಕ್ಕ ಅವಧಿಗಳಾಗಿ ಹಂಚುವ ಕ್ವಾರ್ಟರ್ ಪದ್ಧತಿಯ ಕಾಲೇಜಿನಲ್ಲಿ ಓದಿದವರು ಇಲ್ಲಿ ಎಡವುತ್ತಾರೆ. ಮೂರು ಕ್ವಾರ್ಟರ್ ಗಂಟೆ ಎಂದರೆ ಎರಡೇ ಸೆಮಿಸ್ಟರ್ ಗಂಟೆ. 8 ಬೇಕಾದಲ್ಲಿ 12 ಕ್ವಾರ್ಟರ್ ಗಂಟೆ ಇರಬೇಕು, 90ರ ಜಾಗದಲ್ಲಿ 135. ಎರಡು ಕ್ವಾರ್ಟರ್ ಓದಿ ಭೌತಶಾಸ್ತ್ರ ಮುಗಿಯಿತು ಎಂದುಕೊಂಡವರಿಗೆ ಸಾಮಾನ್ಯವಾಗಿ ಒಂದು ಕೋರ್ಸ್ ಬಾಕಿ ಇರುತ್ತದೆ.

ಕೋರ್ಸ್‌ಗಳನ್ನು ಟ್ರಾನ್ಸ್‌ಕ್ರಿಪ್ಟ್ ಎದುರಿಗಿಟ್ಟುಕೊಂಡೇ ತುಂಬಿ, ನೆನಪಿನಿಂದ ಬೇಡ. ಕೋರ್ಸ್ ಸಂಖ್ಯೆ, ಗಂಟೆ, ಗ್ರೇಡ್ ಅದರಲ್ಲಿ ಇದ್ದಂತೆಯೇ ಇರಬೇಕು. ಅರ್ಧಕ್ಕೆ ಬಿಟ್ಟ ಕೋರ್ಸ್, ಮತ್ತೆ ಓದಿದ ಕೋರ್ಸ್, ಬೇಸಿಗೆಯಲ್ಲಿ ಕಮ್ಯೂನಿಟಿ ಕಾಲೇಜಿನಲ್ಲಿ ಓದಿದ ಒಂದೇ ಒಂದು ಕ್ಲಾಸ್, ಹೈಸ್ಕೂಲಿನಲ್ಲಿದ್ದಾಗ ಪಡೆದ ಕಾಲೇಜು ಕ್ರೆಡಿಟ್ ಎಲ್ಲವೂ ಸೇರಬೇಕು, ಆ ಪ್ರತಿಯೊಂದು ಕಾಲೇಜಿನಿಂದಲೂ ಟ್ರಾನ್ಸ್‌ಕ್ರಿಪ್ಟ್ ನೇರವಾಗಿ ಬರಬೇಕು. ಒಂದು ಬಾರದಿದ್ದರೂ ಪರಿಶೀಲನೆ ಅಲ್ಲೇ ನಿಲ್ಲುತ್ತದೆ.

ನಮ್ಮವರಿಗೆ ಹೆಸರಿನ ತೊಡಕು ಬೇರೆ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಅಮೆರಿಕದ ಕಾಲೇಜಿನಲ್ಲಿ ಊರಿನ ಹೆಸರು. ಹೀಗಿದ್ದರೆ ಬಂದ ಕಾಗದ ಯಾರದೆಂದು ಹೊಂದಿಸುವುದೇ ಕಷ್ಟ. ಹಳೆಯ ಹೆಸರುಗಳಿಗೆ ಅರ್ಜಿಯಲ್ಲಿ ಜಾಗವಿದೆ, ಎಲ್ಲ ರೂಪಗಳನ್ನೂ ಅಲ್ಲಿ ಬರೆಯಿರಿ. ಎಂಕ್ಯಾಟ್‌ಗೆ ನೋಂದಾಯಿಸುವಾಗ ಹೆಸರು ಗುರುತಿನ ಚೀಟಿಯಲ್ಲಿದ್ದಂತೆಯೇ ಇರಬೇಕು.

ಕರ್ನಾಟಕದಲ್ಲಿ ಬಿಎಸ್ಸಿ ಮುಗಿಸಿ ಬಂದವರು ಅಂಕಪಟ್ಟಿಯ ಜೆರಾಕ್ಸ್ ಸೇರಿಸಿದರೆ ಸಾಲದು. ಡಬ್ಲ್ಯುಇಎಸ್‌ನಂಥ ವಿದೇಶಿ ಪದವಿಗಳನ್ನು ಅಳೆಯುವ ಸಂಸ್ಥೆಯಿಂದ ಮೌಲ್ಯಮಾಪನ ಆಗಬೇಕು, ಅದರಲ್ಲೂ ಒಂದೊಂದು ಕೋರ್ಸ್‌ಗೂ ಕ್ರೆಡಿಟ್, ಗ್ರೇಡ್ ತೋರಿಸುವ ಬಗೆಯದು. ಪದವಿ ಸಮಾನ ಎಂದಷ್ಟೇ ಹೇಳುವ ಅಗ್ಗದ ವರದಿಗೆ ಹಣ ಕಟ್ಟಬೇಡಿ. ಅಮೆರಿಕದಲ್ಲೇ ಓದಿದ ವಿಜ್ಞಾನ ಕೋರ್ಸ್‌ಗಳನ್ನು ಕೇಳುವ ಕಾಲೇಜುಗಳಿರುವುದರಿಂದ ಮೊದಲೇ ಪ್ರವೇಶ ಕಚೇರಿಗೆ ಇಮೇಲ್ ಮಾಡಿ ಕೇಳಿಕೊಳ್ಳಿ.

ಪರೀಕ್ಷೆಯ ವಿಚಾರದಲ್ಲಿ ಎಂಕ್ಯಾಟ್ ಎಲ್ಲೆಡೆ ನಡೆಯುತ್ತದೆ, ಕೆಲವೆಡೆ ಜಿಆರ್‌ಇ (ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಅಥವಾ ಡ್ಯಾಟ್ (ದಂತ ವೈದ್ಯಕೀಯ ಪ್ರವೇಶ ಪರೀಕ್ಷೆ) ಕೂಡ. ಎಂಕ್ಯಾಟ್ ಫಲಿತಾಂಶ ಬರಲು ಸುಮಾರು ಒಂದು ತಿಂಗಳು ಬೇಕು. ಅಂಕ ತಾನಾಗಿಯೇ ಹೋಗುವುದಿಲ್ಲ, ಎಂಕ್ಯಾಟ್ ನಡೆಸುವ ಎಎಎಂಸಿಯ ಖಾತೆಗೆ ಹೋಗಿ ಈ ಸೇವೆಗೆ ಬಿಡುಗಡೆ ಮಾಡಬೇಕು. ಎಂಡಿ ಅರ್ಜಿಗೆ ಕಳಿಸಿದ್ದು ಇಲ್ಲಿಗೂ ಬಂದಿರುತ್ತದೆ ಎಂದು ಕಾಯುತ್ತ ಕೂತವರ ಅರ್ಜಿ ಅಪೂರ್ಣವಾಗಿಯೇ ಉಳಿಯುತ್ತದೆ.

ಟೆಕ್ಸಾಸಿನಲ್ಲಿರುವವರಿಗೆ ಇನ್ನೊಂದು ದಾರಿಯಿದೆ. ಹಾರ್ಲಿಂಜನ್‌ನಲ್ಲಿ 2022ರಲ್ಲಿ ಪೋಡಿಯಾಟ್ರಿ ಶಾಲೆ ಶುರುವಾಗಿದೆ, ಆ ರಾಜ್ಯದ ವೈದ್ಯಕೀಯ ಶಾಲೆಗಳ ಒಂದೇ ಅರ್ಜಿಯಾದ ಟಿಎಂಡಿಎಸ್‌ಎಎಸ್‌ನಲ್ಲೂ ಪೋಡಿಯಾಟ್ರಿ ಸೇರಿದೆ.

ಪ್ರಬಂಧದ ಬಗ್ಗೆ ಒತ್ತಿ ಹೇಳಬೇಕು. ಎಂಡಿ ಅರ್ಜಿಗೆ ಬರೆದ 5,300 ಅಕ್ಷರಗಳ ಪ್ರಬಂಧವನ್ನೇ ತುಸು ಕತ್ತರಿಸಿ ಹಾಕಿದರೆ ಓದುವವರಿಗೆ ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತದೆ. ಪಾದವೇ ಯಾಕೆ ಎಂಬುದಕ್ಕೆ ಅದರಲ್ಲಿ ಉತ್ತರ ಇರುವುದಿಲ್ಲ. ಆ ಉತ್ತರ ಸಿಗುವುದು ಶ್ಯಾಡೋಯಿಂಗ್‌ನಿಂದ, ಅಂದರೆ ವೈದ್ಯರ ಜೊತೆಗಿದ್ದು ಅವರ ಕೆಲಸ ನೋಡುವುದರಿಂದ. ಡಿಪಿಎಂ ವೈದ್ಯರೊಬ್ಬರ ಜೊತೆ ಕ್ಲಿನಿಕ್ಕಿನಲ್ಲೂ ಆಪರೇಷನ್ ಥಿಯೇಟರಿನಲ್ಲೂ ಇರಬೇಕು: ಮಾಂಸಕ್ಕೆ ಚುಚ್ಚಿಕೊಂಡ ಉಗುರು ತೆಗೆಯುವುದು, ಸಕ್ಕರೆ ಕಾಯಿಲೆಯವರ ಹುಣ್ಣಿನ ಸತ್ತ ಮಾಂಸ ಕೆರೆದು ಸ್ವಚ್ಛ ಮಾಡುವುದು, ಹೆಬ್ಬೆರಳ ಬುಡದ ಮೂಳೆ ಸರಿಪಡಿಸುವುದು. ನೋಡಿದ್ದನ್ನು ಅಂದಂದೇ ಗಂಟೆ, ದಿನಾಂಕದ ಸಮೇತ ಬರೆದಿಡಿ, ಮುಂದೆ ಸಂದರ್ಶನಕ್ಕೂ ಒದಗುತ್ತದೆ. ರಜೆಗೆ ಊರಿಗೆ ಹೋದವರು ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್‌ನ ಪೋಡಿಯಾಟ್ರಿ ವಿಭಾಗದಲ್ಲಿ ಅನುಮತಿ ಕೇಳಬಹುದು, ಬರಿಗಾಲಲ್ಲಿ ಓಡಾಡುವ ನಾಡಿನಲ್ಲಿ ಸಕ್ಕರೆ ಕಾಯಿಲೆ ಪಾದಕ್ಕೆ ಏನು ಮಾಡುತ್ತದೆ ಎಂದು ತಿಳಿಯುತ್ತದೆ. ಆದರೆ ಶಿಫಾರಸು ಪತ್ರ ಅಮೆರಿಕದ ಡಿಪಿಎಂ ವೈದ್ಯರಿಂದಲೇ ಇರಲಿ. ಅರ್ಜಿ ಹಾಕುವುದಕ್ಕೆ ಎರಡು ತಿಂಗಳು ಮುಂಚೆಯೇ ಕೇಳಿ, ನಿಮ್ಮ ರೆಸ್ಯೂಮೆ ಮತ್ತು ಪ್ರಬಂಧದ ಕರಡನ್ನೂ ಅವರ ಕೈಗೆ ಕೊಡಿ.